ಕೇಳಿಸಿಕೊಳ್ಳುವ ಕುರ್ಚಿಯಿಂದ ಸಹಿ ಹಾಕುವ ಕುರ್ಚಿಗೆ: ಒಂದು ಜೈಲಿನ ಪ್ರಕರಣ

ಇವರನ್ನು ಇಲ್ಲಿ 'ಮೇಡಂ' ಅಂತಲೇ ಕರೆಯುತ್ತೇನೆ. ಜೈಲಿನೊಳಗೆ ಎಲ್ಲರೂ ಕರೆಯುತ್ತಿದ್ದುದೂ ಹಾಗೆಯೇ. ಹೆಸರು, ಊರು, ವರ್ಷ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಯಾವುದರ ನಂತರ ಯಾವುದು ನಡೆಯಿತು ಅನ್ನುವುದನ್ನು ಮಾತ್ರ ಮುಟ್ಟಿಲ್ಲ. ಜೈಲು ಸಿಬ್ಬಂದಿಗೆ ತರಬೇತಿ ಕೊಡುವ ಕೆಲಸದಲ್ಲಿ ನನಗೆ ಅವರ ಪರಿಚಯ. ಒಬ್ಬ ಸೈಕಾಲಜಿಸ್ಟ್ ಜೈಲಿನ ಮುಖ್ಯಸ್ಥರಾದರೆ ಏನಾಗುತ್ತದೆ ಅಂತ ಹೊಸಬರು ಕೇಳಿದಾಗಲೆಲ್ಲ ನಾನು ಹೇಳುವುದು ಇದೇ ಕತೆಯನ್ನು.

ಸ್ಟೋರ್ ರೂಮಿನ ಪಕ್ಕದ ಕೋಣೆ

ಮೇಡಂ ಮನಶ್ಶಾಸ್ತ್ರಜ್ಞೆಯಾಗಿ ಕೆಲಸಕ್ಕೆ ಸೇರಿದಾಗ ಸಿಕ್ಕಿದ್ದು ಸ್ಟೋರ್ ರೂಮಿನ ಪಕ್ಕದ ಕೋಣೆ. ಎರಡು ಕುರ್ಚಿ, ಒಂದು ಮೇಜು, ಬೀಗವಿಲ್ಲದ ಒಂದು ಬೀರು. ಕೈದಿಗಳು ಮನಸ್ಸು ಬಿಚ್ಚಿ ಹೇಳಿದ್ದನ್ನೆಲ್ಲ ಬರೆದಿಟ್ಟ ಫೈಲುಗಳು ಆ ಬೀರುವಿನಲ್ಲಿ. ಅದಕ್ಕೊಂದು ಬೀಗ ಹಾಕಿಸಿಕೊಳ್ಳಲು ನಾಲ್ಕು ತಿಂಗಳು ಓಡಾಡಿದರು.

ನೆಲ್ಸನ್ ಮಂಡೇಲಾ ನಿಯಮಗಳು ಅಂತ ಇವೆ. ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವ ಬಗ್ಗೆ 2015ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಒಪ್ಪಿದ 122 ನಿಯಮಗಳು. ಅದರಲ್ಲಿ 78ನೆಯದು, ಜೈಲಿನಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಶಿಕ್ಷಕರು ಎಲ್ಲರೂ ಸಾಕಷ್ಟು ಸಂಖ್ಯೆಯಲ್ಲಿ ಇರಬೇಕು ಅನ್ನುತ್ತದೆ. ಜೊತೆಗೆ 'ಸಾಧ್ಯವಾದಷ್ಟು' ಅನ್ನುವ ಮಾತೂ ಇದೆ. ಎಷ್ಟೋ ಜೈಲುಗಳು ಆ ಒಂದು ಮಾತಿನ ನೆರಳಲ್ಲೇ ಕೂತಿವೆ ಬಿಡಿ. ಇಲ್ಲಿ ನೂರಾರು ಕೈದಿಗಳಿಗೆ ಇದ್ದವರು ಇವರೊಬ್ಬರೇ.

ಯಾರೇ ಬಂದು ಎದುರಿಗೆ ಕೂತರೂ ಮೇಡಂ ಮೊದಲು ಒಂದೇ ಮಾತು ಹೇಳುತ್ತಿದ್ದರು. "ನೀವು ಹೇಳಿದ್ದು ಈ ಕೋಣೆಯಲ್ಲೇ ಇರುತ್ತೆ. ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದೆ ಅನ್ನಿಸಿದ್ರೆ ಮಾತ್ರ ಹೊರಗೆ ಹೇಳ್ತೀನಿ. ಹೇಳೋ ಮುಂಚೆ ನಿಮಗೂ ತಿಳಿಸ್ತೀನಿ." ಮಂಡೇಲಾ ನಿಯಮಗಳಲ್ಲೂ ಇದೇ ಗೆರೆ ಇದೆ. ಕೈದಿಯ ಆರೋಗ್ಯದ ಮಾತು ಗುಟ್ಟಾಗಿ ಇರಬೇಕು, ಯಾರಿಗಾದರೂ ನಿಜವಾದ, ತಕ್ಷಣದ ಅಪಾಯ ಇದ್ದಾಗ ಮಾತ್ರ ಅದನ್ನು ಮುರಿಯಬಹುದು. ಮುಂದೆ ಎಡವಟ್ಟಾಗಿದ್ದು ಇದೇ ಗೆರೆಯ ಮೇಲೆ.

ವಾರ್ಡರುಗಳಿಗೆ ಅವರು 'ಕೈದಿಗಳ ಕಡೆಯವರು'. ಕೈದಿಗಳಿಗೆ 'ಆಫೀಸಿನವರು'. ಎರಡೂ ಅರ್ಧ ನಿಜ. ವರ್ಷಗಟ್ಟಲೆ ಹೀಗೆ ನಡುವೆ ನಿಂತು ಕೆಲಸ ಮಾಡಿದರು.

ಒಳಗೆ ಹೋಗಲ್ಲ ಅಂದ ಸಂಜೆ

ಆಡಳಿತದವರ ಕಣ್ಣು ಅವರ ಮೇಲೆ ಬಿದ್ದದ್ದು ಒಂದು ಸಂಜೆ. ಎಣಿಕೆ ಮುಗಿದು ಬೀಗ ಹಾಕುವ ಹೊತ್ತು. ಒಂದು ಬ್ಯಾರಕ್ಕಿನವರು ಅಂಗಳದಲ್ಲೇ ಕೂತುಬಿಟ್ಟರು. ಊಟ ಸರಿಯಿಲ್ಲ ಅನ್ನುವುದು ಅವರ ದೂರು. ಲಾಠಿ ಹಿಡಿದ ಸಿಬ್ಬಂದಿ ಗೇಟಿನ ಆಚೆ ಸಾಲಾಗಿ ನಿಂತಾಗಿತ್ತು.

ಆವತ್ತು ಬೆಳಿಗ್ಗೆ ಏನಾಗಿತ್ತು ಅಂತ ಮೇಡಂಗೆ ಗೊತ್ತಿತ್ತು. ಆ ಬ್ಯಾರಕ್ಕಿನ ಹಲವರಿಗೆ ಮನೆಯವರ ಭೇಟಿ ಇತ್ತು. ಅದನ್ನು ರದ್ದು ಮಾಡಿ, ಯಾಕೆ ಅಂತ ಯಾರೂ ಹೇಳಿರಲಿಲ್ಲ. ದೂರದಿಂದ ಬಂದ ಮನೆಯವರು ಗೇಟಿನಿಂದಲೇ ವಾಪಸ್ ಹೋಗಿದ್ದರು. ಮೇಡಂ ಜೈಲರ್ ಹತ್ತಿರ ಹೋಗಿ, "ಊಟದ ಮಾತು ಬಿಡಿ ಸಾರ್. ಭೇಟಿ ಯಾಕೆ ನಿಂತಿತು, ಮತ್ತೆ ಯಾವತ್ತು ಅಂತ ನೀವೇ ಹೋಗಿ ಹೇಳಿ" ಅಂದರು. ಜೈಲರ್‌ಗೆ ಇಷ್ಟವಿರಲಿಲ್ಲ. ಕೊನೆಗೆ ಹೋದರು, ಕಾರಣ ಹೇಳಿದರು, ತಾರೀಖು ಹೇಳಿದರು. ಅರ್ಧ ಗಂಟೆಯಲ್ಲಿ ಎಲ್ಲರೂ ಒಳಗಿದ್ದರು.

ಇದರಲ್ಲಿ ಮಾಯಮಂತ್ರ ಏನಿಲ್ಲ. ತೀರ್ಮಾನ ತಮಗೆ ವಿರುದ್ಧವಾಗಿದ್ದರೂ ಅದನ್ನು ಮಾಡಿದ ರೀತಿ ನ್ಯಾಯವಾಗಿದೆ ಅನ್ನಿಸಿದರೆ ಜನ ಒಪ್ಪಿಕೊಳ್ಳುತ್ತಾರೆ. ಜೈಲಿನಲ್ಲೂ ಅಷ್ಟೇ. ಆದರೆ ಮೇಲಿನವರಿಗೆ ಕಂಡಿದ್ದು ಬೇರೆ: ಈಕೆ ಲಾಠಿ ಇಲ್ಲದೆ ಬೀಗ ಹಾಕಿಸಿದರು. ಆಮೇಲೆ ತರಗತಿ, ತರಬೇತಿಗಳ ವಿಭಾಗ ಅವರ ಕೈಗೆ ಬಂತು. ಅಲ್ಲಿಂದ ಉಪ ಮುಖ್ಯಸ್ಥೆ. ಹಿಂದಿನವರು ನಿವೃತ್ತರಾದ ಮೇಲೆ ಸೂಪರಿಂಟೆಂಡೆಂಟ್.

ತರಬೇತಿ ವಿಭಾಗದಲ್ಲಿದ್ದಾಗ ಅವರು ಮಾಡಿದ ಒಂದು ಬದಲಾವಣೆಯನ್ನು ಹೇಳಲೇಬೇಕು. ಅಲ್ಲಿಯವರೆಗೆ ತರಗತಿಗಳಲ್ಲಿ ಕೂರುತ್ತಿದ್ದವರು ಬರೀ ತಂಟೆ ತಕರಾರು ಇಲ್ಲದ ಕೈದಿಗಳು. ಹಾಜರಿ ಚೆನ್ನಾಗಿ ಬರುತ್ತಿತ್ತು, ಫೋಟೊ ಚೆನ್ನಾಗಿ ಬರುತ್ತಿತ್ತು. ಆದರೆ 1990ರಿಂದ ಈಚೆಗೆ ಕೆನಡಾದ ಆಂಡ್ರೂಸ್, ಬೊಂಟಾ ಮುಂತಾದ ಮನಶ್ಶಾಸ್ತ್ರಜ್ಞರು ಹೇಳುತ್ತಾ ಬಂದಿರುವುದು ಇದಕ್ಕೆ ಪೂರ್ತಿ ಉಲ್ಟಾ. ಮತ್ತೆ ಅಪರಾಧ ಮಾಡುವ ಸಾಧ್ಯತೆ ಯಾರಿಗೆ ಜಾಸ್ತಿಯೋ ಹೆಚ್ಚಿನ ಕೆಲಸ ಅವರ ಜೊತೆ ನಡೆಯಬೇಕು. ಕಡಿಮೆ ಅಪಾಯದವರನ್ನು ಬಿಗಿಯಾದ ಕಾರ್ಯಕ್ರಮಗಳಿಗೆ ತುಂಬಿದರೆ ಉಪಯೋಗಕ್ಕಿಂತ ಕೆಡುಕೇ ಆಗಬಹುದು. ಮೇಡಂ ಪಟ್ಟಿಯನ್ನು ತಿರುಗಿಸಿದರು. ಮೊದಲ ತಿಂಗಳು ತರಗತಿಯಲ್ಲಿ ಎರಡು ಬೆಂಚು ಮುರಿದವು. ಪಟ್ಟಿ ಹಾಗೇ ಉಳಿಯಿತು.

ಬಿಡಲಾರದ ನಾಲ್ಕು ಜನ

ಇಲ್ಲಿಂದ ಸಮಸ್ಯೆ ಶುರು. ಉಪ ಮುಖ್ಯಸ್ಥೆಯಾದ ಮೇಲೂ ಮೇಡಂ ತಮ್ಮ ಹಳೆಯ ಕೋಣೆಯನ್ನು ಬಿಡಲಿಲ್ಲ. ಹೊಸ ಸೈಕಾಲಜಿಸ್ಟ್ ಇನ್ನೂ ಬಂದಿರಲಿಲ್ಲ. ವರ್ಷಗಳಿಂದ ಅವರ ಹತ್ತಿರ ಮಾತಾಡುತ್ತಿದ್ದ ನಾಲ್ಕು ಜನ ಕೈದಿಗಳಿದ್ದರು. ಅವರನ್ನು ನಡುವೆ ಕೈಬಿಡುವುದು ಸರಿಯಲ್ಲ ಅನ್ನಿಸಿತು. ವಾರಕ್ಕೊಮ್ಮೆ ಆ ಕೋಣೆಗೆ ಹೋಗಿ ಕೂರುತ್ತಿದ್ದರು.

ಹೊರಗಿನಿಂದ ನೋಡಿದರೆ ಒಳ್ಳೆಯ ಕೆಲಸ, ಅಲ್ವಾ? ನಾನೂ ಆಗ ಹಾಗೇ ಅಂದುಕೊಂಡಿದ್ದೆ.

ನಾಲ್ವರಲ್ಲಿ ಒಬ್ಬಾತ ಒಂದು ದಿನ ಮಾತಿನ ನಡುವೆ ಹೇಳಿದ: ನಮ್ಮ ಬ್ಯಾರಕ್ಕಿನಲ್ಲಿ ಚೂಪು ಮಾಡಿಟ್ಟ ಒಂದು ಕಬ್ಬಿಣದ ತುಂಡು ಇದೆ. ಯಾರಿಗೆ, ಯಾವಾಗ ಅಂತ ಗೊತ್ತಿಲ್ಲ. ರಾತ್ರಿ ನಿದ್ದೆ ಬರಲ್ಲ.

ಸೈಕಾಲಜಿಸ್ಟ್ ಆಗಿದ್ದಾಗ ಇಂಥದ್ದು ಬಂದರೆ ಏನು ಮಾಡಬೇಕು ಅಂತ ಮೇಡಂಗೆ ಚೆನ್ನಾಗಿ ಗೊತ್ತಿತ್ತು. ಇನ್ನೊಬ್ಬರ ಜೀವಕ್ಕೆ ಅಪಾಯ, ಅಂದರೆ ಹೊರಗೆ ಹೇಳಬೇಕು. ಆತನಿಗೆ ತಿಳಿಸಬೇಕು. ಡ್ಯೂಟಿಯಲ್ಲಿರುವ ಅಧಿಕಾರಿಗೆ ಯಾರು ಹೇಳಿದರು ಅನ್ನುವುದನ್ನು ಬಿಟ್ಟು ವಿಷಯ ಮಾತ್ರ ಮುಟ್ಟಿಸಬೇಕು. ಆ ಅಧಿಕಾರಿ ಎರಡು ಮೂರು ದಿನ ಬಿಟ್ಟು, ಎಲ್ಲ ಬ್ಯಾರಕ್ಕುಗಳನ್ನೂ ಮಾಮೂಲಿ ತಪಾಸಣೆ ಅನ್ನುವ ಹಾಗೆ ಹುಡುಕಿಸುತ್ತಾರೆ. ಕೇಳಿಸಿಕೊಂಡವರು ಒಬ್ಬರು, ಕೈ ಹಾಕುವವರು ಇನ್ನೊಬ್ಬರು. ಹೇಳಿದವನು ಬಚಾವಾಗುವುದು ಈ ಎರಡರ ನಡುವಿನ ಅಂತರದಿಂದ.

ಈಗ ಡ್ಯೂಟಿಯಲ್ಲಿದ್ದ ಅಧಿಕಾರಿ ಅವರೇ. ಕಾಯಲು ಧೈರ್ಯ ಬರಲಿಲ್ಲ. ಆ ರಾತ್ರಿ ಏನಾದರೂ ಆದರೆ, ಗೊತ್ತಿದ್ದೂ ಸುಮ್ನಿದ್ದರು ಅನ್ನುವ ಮಾತು ಬರುತ್ತದೆ. ರಾತ್ರಿಯೇ ತಪಾಸಣೆ ಮಾಡಿಸಿದರು. ಅದೂ ಆ ಒಂದೇ ಬ್ಯಾರಕ್ಕನ್ನು. ತುಂಡು ಸಿಕ್ಕಿತು.

ಬೆಳಗಾಗುವ ಹೊತ್ತಿಗೆ ಬ್ಯಾರಕ್ಕಿನವರೆಲ್ಲ ಲೆಕ್ಕ ಹಾಕಿದ್ದರು. ನಿನ್ನೆ ಮೇಡಂ ಕೋಣೆಗೆ ಹೋಗಿ ಬಂದವನು ಯಾರು? ಮೂರನೇ ದಿನ ಸ್ನಾನದ ಜಾಗದಲ್ಲಿ ಆತನ ಕೈ ಮುರಿದರು.

ಆಮೇಲೆ ನಡೆದದ್ದು ಇನ್ನೂ ಕಷ್ಟದ್ದು. ಆಸ್ಪತ್ರೆಯಿಂದ ಬಂದ ಆತನನ್ನು ಯಾವ ಬ್ಯಾರಕ್ಕಿಗೂ ಕಳಿಸುವಂತಿರಲಿಲ್ಲ. ರಕ್ಷಣೆಗೆ ಅಂತ ಒಂಟಿ ಸೆಲ್‌ನಲ್ಲಿ ಇಡಬೇಕಾಯಿತು. ಆ ಆದೇಶಕ್ಕೆ ಸಹಿ ಹಾಕಿದವರು ಮೇಡಂ. ಆತ ಆ ಕಾಗದ ನೋಡಿ, "ಕೋಣೆಯಲ್ಲಿ ಕೇಳಿಸಿಕೊಂಡೋರು ಯಾರು, ಇದಕ್ಕೆ ಸಹಿ ಹಾಕಿದೋರು ಯಾರು?" ಅಂತ ಕೇಳಿದನಂತೆ. ಆಮೇಲೆ ಅವರ ಜೊತೆ ಮಾತು ಬಿಟ್ಟ.

ಮೇಡಂ ಇದನ್ನು ನನಗೆ ಹೇಳುವಾಗ ಒಂದು ವಿಷಯ ನೆನಪಿಸಿದರು. 1971ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದ ಜೈಲಿನ ಪ್ರಯೋಗ ಮನಶ್ಶಾಸ್ತ್ರ ಓದಿದ ಎಲ್ಲರಿಗೂ ಗೊತ್ತು. ವಿದ್ಯಾರ್ಥಿಗಳಲ್ಲಿ ಕೆಲವರು ಕೈದಿಗಳು, ಕೆಲವರು ಕಾವಲುಗಾರರು. ಎರಡು ವಾರ ನಡೆಯಬೇಕಿದ್ದದ್ದು ಆರು ದಿನಕ್ಕೆ ನಿಂತಿತು. ಆ ಪ್ರಯೋಗಕ್ಕೆ ಆಮೇಲೆ ಬಹಳ ಟೀಕೆ ಬಂದಿದೆ. ಕಾವಲುಗಾರರಿಗೆ ಮೊದಲೇ ಹೇಳಿಕೊಡಲಾಗಿತ್ತು ಅನ್ನುವುದೂ ಅದರಲ್ಲಿ ಒಂದು. ತರಗತಿಗಳಲ್ಲಿ ಎಲ್ಲರೂ ಕಾವಲುಗಾರರ ಬಗ್ಗೆಯೇ ಮಾತಾಡುತ್ತಾರೆ. ಮೇಡಂ ನೆನಪಿಸಿದ್ದು ಬೇರೆ. ಪ್ರಯೋಗ ನಡೆಸುತ್ತಿದ್ದ ಮನಶ್ಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ ಅದೇ ಜೈಲಿನ ಸೂಪರಿಂಟೆಂಡೆಂಟ್ ಪಾತ್ರವನ್ನೂ ತಾವೇ ಇಟ್ಟುಕೊಂಡಿದ್ದರು. ಆ ಪಾತ್ರದಲ್ಲಿ ತಾವು ಮುಳುಗಿಹೋಗಿದ್ದೆವು ಅಂತ ಆಮೇಲೆ ಅವರೇ ಒಪ್ಪಿಕೊಂಡರು. ನಿಲ್ಲಿಸಿ ಅಂತ ಹೇಳಲು ಹೊರಗಿನಿಂದ ಇನ್ನೊಬ್ಬ ಮನಶ್ಶಾಸ್ತ್ರಜ್ಞೆ, ಕ್ರಿಸ್ಟಿನಾ ಮಾಸ್ಲಾಕ್, ಬರಬೇಕಾಯಿತು.

"ಇಪ್ಪತ್ತು ವರ್ಷ ಅದನ್ನ ಓದಿದೀನಿ, ಬೇರೆಯವರಿಗೆ ಪಾಠ ಮಾಡಿದೀನಿ. ಎರಡು ಕುರ್ಚಿ ಮೇಲೆ ಒಬ್ಬರೇ ಕೂತಿದ್ದರು ಅನ್ನೋದು ಒಂದು ದಿನಾನೂ ಹೊಳೀಲಿಲ್ಲ ನೋಡಿ," ಅಂದರು ಮೇಡಂ.

ಕೋಣೆ ಖಾಲಿ ಮಾಡಿದ್ದು

ಸೂಪರಿಂಟೆಂಡೆಂಟ್ ಆದ ಮೊದಲ ವಾರವೇ ಮೇಡಂ ಆ ಕೋಣೆಯ ಕೀಲಿ ವಾಪಸ್ ಕೊಟ್ಟರು. ಉಳಿದ ಮೂವರನ್ನು ಹೊಸದಾಗಿ ಬಂದ ಯುವ ಸೈಕಾಲಜಿಸ್ಟ್‌ಗೆ ಒಪ್ಪಿಸಿದರು. ಒಬ್ಬೊಬ್ಬರನ್ನೂ ಕೂರಿಸಿಕೊಂಡು, ಇನ್ನು ನಾನು ನಿಮ್ಮ ಮಾತನ್ನು ಆ ರೀತಿ ಕೇಳಲಾರೆ, ಯಾಕೆಂದರೆ ಕೇಳಿದ ಮೇಲೆ ಏನಾದರೂ ಮಾಡಬೇಕಾಗುತ್ತದೆ ಅಂತ ಹೇಳಿದರು. ಇಬ್ಬರು ತಲೆಯಾಡಿಸಿದರು. ಒಬ್ಬ ಬೈದ. ದೊಡ್ಡೋರಾದ್ರಿ ಅಂತ ಚುಚ್ಚಿದ.

ಕೀಲಿ ಕೊಟ್ಟದ್ದು ಸುಲಭ. ಅದರ ಬೆಲೆ ಗೊತ್ತಾಗಿದ್ದು ಎರಡು ತಿಂಗಳ ನಂತರ.

ಒಬ್ಬ ವಿಚಾರಣಾಧೀನ ಕೈದಿಯ ಬಗ್ಗೆ ಯುವ ಸೈಕಾಲಜಿಸ್ಟ್ ಒಂದು ಚೀಟಿ ಕಳಿಸಿದರು: ಈತನನ್ನು ರಾತ್ರಿ ಒಂಟಿಯಾಗಿ ಬಿಡಬೇಡಿ, ಗಂಟೆಗೆ ಇಷ್ಟು ಸಲ ನೋಡಿ. ಕಾರಣ ಬರೆದಿರಲಿಲ್ಲ. ಮೇಡಂ ಕರೆಸಿ ಕೇಳಿದರು. ಆ ಸೈಕಾಲಜಿಸ್ಟ್, "ಏನು ಹೇಳಿದ ಅಂತ ಹೇಳೋಕಾಗಲ್ಲ ಮೇಡಂ. ಏನು ಮಾಡಬೇಕು ಅನ್ನೋದನ್ನ ಬರೆದಿದೀನಿ" ಅಂದರು.

ಮೇಡಂಗೆ ಸಿಟ್ಟು ಬಂತು. ನಾನೂ ಇದೇ ಕೆಲಸ ಮಾಡಿದವಳು, ನನ್ನ ಹತ್ತಿರವೂ ಮುಚ್ಚಿಡುವುದೇ ಅಂತ ದಿನವೆಲ್ಲ ಕುದ್ದರಂತೆ. ಸಂಜೆ ರೌಂಡ್ಸ್ ಮುಗಿಸಿ ಬಂದು ಒಂದು ಪುಟದ ಆದೇಶ ಬರೆದರು. ಕೈದಿಯ ಸುರಕ್ಷತೆಗೆ ಸಿಬ್ಬಂದಿ ಏನು ಮಾಡಬೇಕು ಅನ್ನುವುದನ್ನು ಮಾತ್ರ ಸೈಕಾಲಜಿಸ್ಟ್ ಬರೆದು ಕೊಡುತ್ತಾರೆ. ಅದಕ್ಕಿಂತ ಜಾಸ್ತಿಯನ್ನು ಸೂಪರಿಂಟೆಂಡೆಂಟ್ ಸೇರಿದಂತೆ ಯಾರೂ ಕೇಳುವಂತಿಲ್ಲ. ಜೀವಕ್ಕೆ ಅಪಾಯದ ಮಾತು ಬಂದರೆ ಮೊದಲಿನ ನಿಯಮವೇ. ಈ ಇಡೀ ಪ್ರಕರಣದಲ್ಲಿ ನನಗೆ ದೊಡ್ಡದು ಅನ್ನಿಸುವ ತೀರ್ಮಾನ ಇದು. ಅವರು ತಮ್ಮ ಅಧಿಕಾರಕ್ಕೆ ತಾವೇ ಒಂದು ಗೋಡೆ ಕಟ್ಟಿದರು. ಅದೂ ಆ ಗೋಡೆಯ ಮೇಲೆ ಸಿಟ್ಟು ಬಂದ ದಿನವೇ.

ಅದೇ ಆದೇಶದಲ್ಲಿ ಇನ್ನೊಂದು ಸಾಲು ಸೇರಿತು. ಶಿಕ್ಷೆ ತೀರ್ಮಾನಿಸುವ ಸಮಿತಿಯಲ್ಲಿ ಸೈಕಾಲಜಿಸ್ಟ್ ಕೂರುವುದಿಲ್ಲ. ಮೊದಲು ಕೂರುತ್ತಿದ್ದರು. ಮಂಡೇಲಾ ನಿಯಮಗಳಲ್ಲಿ 46ನೆಯದು ಆರೋಗ್ಯ ಸಿಬ್ಬಂದಿಗೆ ಶಿಕ್ಷೆ ಕೊಡುವುದರಲ್ಲಿ ಪಾತ್ರ ಇರಬಾರದು ಅನ್ನುತ್ತದೆ. ಬೇರೆಯಾಗಿ ಇಟ್ಟವರನ್ನು ಅವರು ದಿನವೂ ನೋಡಬೇಕು ಅಂತಲೂ ಅನ್ನುತ್ತದೆ. ಶಿಕ್ಷೆಗೆ ಮುಂಚೆ ಆ ವರ್ತನೆಯ ಹಿಂದೆ ಮನಸ್ಸಿನ ಕಾಯಿಲೆ ಇದೆಯಾ ಅಂತ ಆಡಳಿತ ನೋಡಬೇಕು ಅನ್ನುವುದು 39ರಲ್ಲಿದೆ. ಶಿಕ್ಷೆ ಕೊಡುವ ಕುರ್ಚಿಯನ್ನೂ ಔಷಧಿ ಕೊಡುವ ಕುರ್ಚಿಯನ್ನೂ ಒಂದಕ್ಕೊಂದು ತಾಗದ ಹಾಗೆ ಇಡುವುದೇ ಇವುಗಳ ಉದ್ದೇಶ.

ಒಂಟಿ ಸೆಲ್‌ಗಳ ವಿಷಯವನ್ನು ಮೇಡಂ ತುಂಬಾ ಸರಳ ಮಾಡಿದರು. ದಿನಕ್ಕೆ 22 ಗಂಟೆ ಅಥವಾ ಅದಕ್ಕಿಂತ ಜಾಸ್ತಿ, ಮನುಷ್ಯರ ಜೊತೆ ಅರ್ಥವಿರುವ ಒಡನಾಟ ಇಲ್ಲದೆ ಇಟ್ಟರೆ ಅದು ಏಕಾಂತ ಬಂಧನ. ಸತತ 15 ದಿನ ದಾಟಿದರೆ ಅದನ್ನು ಮಂಡೇಲಾ ನಿಯಮಗಳು ನಿಷೇಧಿಸುತ್ತವೆ. ಪ್ರತಿ ಫೈಲಿನ ಮೇಲೂ ದಪ್ಪ ಅಕ್ಷರದಲ್ಲಿ ಎಷ್ಟನೇ ದಿನ ಅಂತ ಬರೆಯಬೇಕು, ಬೆಳಿಗ್ಗೆ ಮೊದಲು ನನ್ನ ಮೇಜಿಗೆ ಬರಬೇಕು ಅಂದರು. ಅಷ್ಟೇ. ಅಂಕಿ ಕಣ್ಣಿಗೆ ಬಿದ್ದರೆ ಕೈ ತಾನಾಗಿ ಕೆಲಸ ಮಾಡುತ್ತದೆ. ಕೈ ಮುರಿಸಿಕೊಂಡಾತನಿಗೆ ಅಡುಗೆ ಮನೆಯವರು ಉಳಿಯುವ ಚಿಕ್ಕ ಬ್ಯಾರಕ್ಕಿನಲ್ಲಿ ಜಾಗ ಮಾಡಿದ್ದು ಆ ಅಂಕಿ 12 ಮುಟ್ಟಿದಾಗ.

ಮೂಗಿನ ಮೂಳೆ

ಎಲ್ಲವೂ ಸರಿ ಹೋಗಲಿಲ್ಲ. ಒಬ್ಬ ಕೈದಿ ಕಿರಿಯ ವಾರ್ಡರ್ ಒಬ್ಬರ ಮುಖಕ್ಕೆ ಗುದ್ದಿದ. ಮರುದಿನ ಸಿಬ್ಬಂದಿ ಸಭೆ. ಮೇಡಂ ಎದ್ದು ನಿಂತು, ಆ ಕೈದಿಯ ಬಾಲ್ಯ ಹೇಗಿತ್ತು, ಅವನು ಯಾಕೆ ಹಾಗೆ ಸಿಡಿಯುತ್ತಾನೆ ಅಂತ ವಿವರಿಸಿದರು. ಎಲ್ಲ ನಿಜವೇ.

ಹಿಂದಿನ ಸಾಲಿನಿಂದ ಹಿರಿಯ ಹೆಡ್ ವಾರ್ಡರ್ ಎದ್ದರು. "ಅವನ ಬಾಲ್ಯ ಗೊತ್ತಾಯ್ತು ಮೇಡಂ. ನಮ್ಮ ಹುಡುಗನ ಮೂಗಿನ ಮೂಳೆ ಮುರಿದಿದೆ. ಅದರ ಬಗ್ಗೆ ಏನಾದ್ರೂ ಹೇಳ್ತೀರಾ?"

ಸಭೆ ಅಲ್ಲಿಗೇ ಮುಗಿಯಿತು ಅನ್ನಿ.

ಮೇಡಂ ಅವತ್ತೇ ಆಸ್ಪತ್ರೆಗೆ ಹೋದರು. ಆ ವಾರ್ಡರ್ ಪಕ್ಕ ಕೂತು ಕೇಳಿದಾಗ ತಿಳಿದದ್ದು: ಆತ ಹೊಡೆತ ತಿನ್ನುವ ಹಿಂದಿನ ಹತ್ತು ದಿನ ಒಂದೂ ರಜೆ ಇಲ್ಲದೆ ರಾತ್ರಿ ಪಾಳಿ ಮಾಡಿದ್ದರು. ಹೊಡೆತದ ಮರುದಿನ ಯಾರೋ ಫೋನ್ ಮಾಡಿ, ಅದೇ ವಿಭಾಗಕ್ಕೆ ಯಾವಾಗ ಬರ್ತೀರಿ ಅಂತ ಕೇಳಿದ್ದರು. ವರ್ಷಗಟ್ಟಲೆ ಕೈದಿಗಳ ಒತ್ತಡ ಅಳೆದವರು ಪಾಳಿ ಪಟ್ಟಿಯನ್ನು ಒಂದು ಸಲವೂ ಓದಿರಲಿಲ್ಲ. ಅದು ಗುಮಾಸ್ತರ ಕೆಲಸ ಅಂತ ಬಿಟ್ಟಿದ್ದರು.

ಅವರ ಹಳೆಯ ವಿದ್ಯೆ ನಿಜವಾಗಿ ಕೆಲಸಕ್ಕೆ ಬಂದದ್ದು ಇಲ್ಲಿಂದ. ಅದೂ ಪಾಳಿ ಪಟ್ಟಿಯ ಕಾಗದದಲ್ಲಿ. ರಾತ್ರಿ ಪಾಳಿಗೆ ಮಿತಿ ಬಂತು. ಹಲ್ಲೆ ಕಂಡ ಸಿಬ್ಬಂದಿಯನ್ನು ಮರುದಿನವೇ ಅದೇ ಜಾಗಕ್ಕೆ ಹಾಕಬಾರದು ಅಂತ ಆಯಿತು. ದೊಡ್ಡ ಘಟನೆಯ ನಂತರ ಅದರಲ್ಲಿದ್ದವರನ್ನೆಲ್ಲ ಕೂರಿಸಿ, ತಪ್ಪು ಯಾರದ್ದು ಅನ್ನುವುದನ್ನು ಬದಿಗಿಟ್ಟು, ಏನೇನು ನಡೆಯಿತು ಅಂತ ಮಾತ್ರ ಮಾತಾಡಿಸುವುದು ಶುರುವಾಯಿತು. ಅದನ್ನು ನಡೆಸಲು ಮೇಡಂ ಆ ಹಿರಿಯ ಹೆಡ್ ವಾರ್ಡರನ್ನೇ ಕೇಳಿದರು. ಅವರು ಒಪ್ಪಲು ಮೂರು ವಾರ ತೆಗೆದುಕೊಂಡರು.

ಮೊದಲ ರಾತ್ರಿ, ಮತ್ತು ಒಂದು ಸಾವು

ಜೈಲಿಗೆ ಬಂದ ಮೊದಲ ಕೆಲವು ದಿನ, ಕೋರ್ಟಿನಿಂದ ಕೆಟ್ಟ ಸುದ್ದಿ ಬಂದ ದಿನ, ಮನೆಯಲ್ಲಿ ಏನಾದರೂ ಮುರಿದುಬಿದ್ದ ದಿನ: ಕೈದಿಗಳು ಜೀವ ತೆಗೆದುಕೊಳ್ಳುವ ಅಪಾಯ ಹೆಚ್ಚಿರುವುದು ಇಂಥ ಹೊತ್ತಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಇದರ ಬಗ್ಗೆ ಜೈಲುಗಳಿಗಾಗಿಯೇ ಕೈಪಿಡಿ ಮಾಡಿದೆ. ಒಂಟಿಯಾಗಿ ಇಟ್ಟರೆ ಅಪಾಯ ಹೆಚ್ಚುತ್ತದೆ ಅನ್ನುವುದೂ ಗೊತ್ತಿರುವ ವಿಷಯ.

ಮೇಡಂ ಮೊದಲ ರಾತ್ರಿಯ ಕ್ರಮವನ್ನೇ ಬದಲಾಯಿಸಿದರು. ಹೊಸದಾಗಿ ಬಂದವರಿಗೆ ಅದೇ ದಿನ ಮನೆಗೆ ಒಂದು ಫೋನ್. ಮೊದಲ ರಾತ್ರಿ ಯಾರೂ ಒಂಟಿಯಾಗಿ ಇರುವುದಿಲ್ಲ. ಮೊದಲಿದ್ದ ಉದ್ದದ ಫಾರಂ ಬಿಟ್ಟು, ವಾರ್ಡರುಗಳೇ ಕೇಳಬಹುದಾದ ಕೆಲವು ನೇರ ಪ್ರಶ್ನೆಗಳು. "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಅನ್ನುವುದೂ ಅದರಲ್ಲಿತ್ತು. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಲ್ವಾ ಅಂತ ವಾರ್ಡರುಗಳು ಹೆದರಿದರು. ಹಾಗಾಗುವುದಿಲ್ಲ. ಎಷ್ಟೋ ಜನಕ್ಕೆ ಯಾರಾದರೂ ಕೇಳಿದರಲ್ಲ ಅನ್ನುವುದೇ ಸಮಾಧಾನ. ಕೋರ್ಟಿನಿಂದ ವಾಪಸ್ ಬಂದವರಿಗೂ ಇದೇ ಪ್ರಶ್ನೆಗಳು.

ಇಷ್ಟೆಲ್ಲ ಆದ ಮೇಲೂ ಒಬ್ಬರು ಜೀವ ಕಳೆದುಕೊಂಡರು. ಜೈಲಿಗೆ ಬಂದು ಮೂರು ತಿಂಗಳಾಗಿತ್ತು. ಮೊದಲ ರಾತ್ರಿಯ ಯಾವ ಜಾಲರಿಯಲ್ಲೂ ಸಿಗದವರು. ಅವತ್ತು ಸಂಜೆ ಮನೆಯಿಂದ ಫೋನ್ ಬಂದಿತ್ತು. ಮಾತಾಡಿ ಅತ್ತಿದ್ದನ್ನು ಸಂಜೆ ಪಾಳಿಯವರು ನೋಡಿದ್ದರು. ರಾತ್ರಿ ಪಾಳಿಯವರಿಗೆ ಹೇಳಲಿಲ್ಲ. ಹೇಳಲು ಒಂದು ಜಾಗವೇ ಇರಲಿಲ್ಲ. ಒಪ್ಪಿಸುವ ಪುಸ್ತಕದಲ್ಲಿ ಎಣಿಕೆ, ಬೀಗ, ಕೀಲಿಗೆ ಕಾಲಂ ಇತ್ತು, ಅತ್ತವರಿಗೆ ಇರಲಿಲ್ಲ.

ವಿಚಾರಣೆಯಲ್ಲಿ ಮೇಡಂಗೆ ಬಂದ ಪ್ರಶ್ನೆ: ನೀವೇ ಸೈಕಾಲಜಿಸ್ಟ್, ನಿಮಗೆ ಗೊತ್ತಾಗಲಿಲ್ಲವೇ? ಬೇರೆ ಯಾವ ಸೂಪರಿಂಟೆಂಡೆಂಟ್‌ಗೂ ಈ ಪ್ರಶ್ನೆ ಹೀಗೆ ಬರುವುದಿಲ್ಲ. ಮೇಡಂ ತಾವು ಆ ಕೈದಿಯನ್ನು ಒಂದು ಸಲವೂ ಕಂಡು ಮಾತಾಡಿಲ್ಲ ಅಂದರು. ಎಲ್ಲರನ್ನೂ ಕಾಣುವುದು ತಮ್ಮ ಕೆಲಸ ಅಲ್ಲ, ಕಂಡವರು ಮುಂದಿನವರಿಗೆ ಹೇಳುವ ಹಾಗೆ ಮಾಡುವುದು ತಮ್ಮ ಕೆಲಸ, ಅದು ಆಗಿರಲಿಲ್ಲ ಅಂತ ಬರೆದುಕೊಟ್ಟರು. ಆ ಉತ್ತರ ಎಲ್ಲರಿಗೂ ಹಿಡಿಸಲಿಲ್ಲ. ಕೆಲವರಿಗೆ ಅದು ನುಣುಚಿಕೊಂಡ ಹಾಗೆ ಕಂಡಿತು. ನನಗೆ ಹಾಗನ್ನಿಸಿಲ್ಲ. ಪುಸ್ತಕಕ್ಕೆ ಒಂದು ಕಾಲಂ ಸೇರಿತು: ಇವತ್ತು ಯಾರ ಬಗ್ಗೆ ಚಿಂತೆ ಇದೆ. ಪಾಳಿ ಬದಲಾಗುವಾಗ ಅದನ್ನು ಜೋರಾಗಿ ಓದಬೇಕು.

ಆಮೇಲೆ

ಹಲ್ಲೆ ಎಷ್ಟು ಇಳಿಯಿತು, ದೂರು ಎಷ್ಟು ಕಡಿಮೆಯಾಯಿತು ಅಂತ ನಾನು ಲೆಕ್ಕ ಕೊಡುವುದಿಲ್ಲ. ಒಂದು ಜೈಲಿನ ಒಂದೆರಡು ವರ್ಷದ ಅಂಕಿ ಏರಲೂ ಇಳಿಯಲೂ ನೂರು ಕಾರಣ ಇರುತ್ತವೆ. ಕಣ್ಣಾರೆ ಕಂಡದ್ದು ಹೇಳಬಲ್ಲೆ. ಮೇಡಂ ವರ್ಗವಾಗಿ ಮೇಲಿನ ಕಚೇರಿಗೆ ಹೋದ ಮೇಲೂ ಪಾಳಿ ಪಟ್ಟಿಯ ಮಿತಿ ಉಳಿಯಿತು, ಚಿಂತೆಯ ಕಾಲಂ ಉಳಿಯಿತು, ಸೈಕಾಲಜಿಸ್ಟ್ ಚೀಟಿಯ ಆದೇಶ ಉಳಿಯಿತು. ಅವರ ಮಾತಿನ ಸಮಾಧಾನ, ಕೇಳುವ ತಾಳ್ಮೆ ಅವರ ಜೊತೆಗೇ ಹೊರಟುಹೋಯಿತು. ಹೊಸಬರು ಬೇರೆ ರೀತಿಯವರು, ಸ್ವಲ್ಪ ಜೋರು. ಜೈಲು ಅದನ್ನೂ ತಾಳಿಕೊಂಡಿದೆ.

ಕೈ ಮುರಿಸಿಕೊಂಡಾತನ ಬಿಡುಗಡೆ ಆದದ್ದು ಮೇಡಂ ಅಲ್ಲಿ ಇರುವಾಗಲೇ. ಬೆಳಿಗ್ಗೆ ಆಫೀಸಿಗೆ ಬಂದು ಸಾಮಾನು ಎಣಿಸಿಕೊಂಡ, ಪುಸ್ತಕದಲ್ಲಿ ಸಹಿ ಹಾಕಿದ. ಮೇಡಂ ಬಾಗಿಲ ಹತ್ತಿರ ನಿಂತಿದ್ದರು. ಅವರ ಕಡೆ ನೋಡಲಿಲ್ಲ. ಗೇಟಿಗೆ ಹೋಗುವ ಮುಂಚೆ ಸ್ಟೋರ್ ರೂಮಿನ ಪಕ್ಕದ ಕೋಣೆಗೆ ಹೋಗಿ, ಆ ಯುವ ಸೈಕಾಲಜಿಸ್ಟ್ ಜೊತೆ ಹತ್ತು ನಿಮಿಷ ಕೂತು ಬಂದ. ಏನು ಮಾತಾಡಿದರು ಅಂತ ಮೇಡಂ ಕೇಳಲಿಲ್ಲ.